ಹಳೆಯ ಕಲ್ಪನೆ, ಹೊಸ ಬಂಡವಾಳ: ‘ಮಾಲ್ಟೀಸ್ ಫಾಲ್ಕನ್’ ಹಾಯಿನೌಕೆಯ ಪಾಠ

ನೂತನ ವಿನ್ಯಾಸದ ಹಿಂದೆ ಯಾವಾಗಲೂ ನೂತನ ಕಲ್ಪನೆಯೇ ಇರಬೇಕೆಂದಿಲ್ಲ. 2006ರಲ್ಲಿ ಸಿದ್ಧವಾದ ‘ಮಾಲ್ಟೀಸ್ ಫಾಲ್ಕನ್’ ಎಂಬ ಐಷಾರಾಮಿ ಹಾಯಿನೌಕೆ ಇದಕ್ಕೆ ಉತ್ತಮ ನಿದರ್ಶನ. 88 ಮೀಟರ್ ಉದ್ದದ ಈ ನೌಕೆಯನ್ನು ಇಟಲಿಯ ಪೆರಿನಿ ನಾವಿ ಸಂಸ್ಥೆಯು ಅಮೆರಿಕದ ಉದ್ಯಮ ಹೂಡಿಕೆದಾರ ಟಾಮ್ ಪರ್ಕಿನ್ಸ್ ಅವರಿಗಾಗಿ ಟರ್ಕಿಯ ತುಜ್ಲಾದಲ್ಲಿ ನಿರ್ಮಿಸಿತು.

ಸಾಂಪ್ರದಾಯಿಕ ದೊಡ್ಡ ಹಾಯಿನೌಕೆಗೆ ಕಂಬಗಳನ್ನು ಹಿಡಿದಿಡುವ ಬಿಗಿತಂತಿಗಳು, ಅಸಂಖ್ಯ ಹಗ್ಗಗಳು ಹಾಗೂ ಅವುಗಳನ್ನು ನಿರ್ವಹಿಸಲು ಹೆಚ್ಚಿನ ನಾವಿಕರು ಬೇಕು. ಜರ್ಮನಿಯ ಎಂಜಿನಿಯರ್ ವಿಲ್ಹೆಲ್ಮ್ ಪ್ರೋಲ್ಸ್ ಅವರು 1960ರ ದಶಕದಲ್ಲಿಯೇ ಸರಕು ಹಡಗುಗಳಿಗಾಗಿ ಬೇರೊಂದು ಮಾರ್ಗ ಸೂಚಿಸಿದ್ದರು. ಬಿಗಿತಂತಿಗಳ ಆಧಾರವಿಲ್ಲದೆ ನಿಲ್ಲುವ ಕಂಬ, ಅದಕ್ಕೆ ಭದ್ರವಾಗಿ ಜೋಡಿಸಿದ ಬಾಗಿದ ಅಡ್ಡತೊಲೆಗಳು, ಗಾಳಿಯ ದಿಕ್ಕಿಗೆ ತಕ್ಕಂತೆ ಇಡೀ ಕಂಬವೇ ತಿರುಗುವ ಏರ್ಪಾಡು: ಇದೇ ‘ಡೈನಾರಿಗ್’. ಆದರೆ ಇಂತಹ ಕಂಬವು ಗಾಳಿಯ ಒತ್ತಡವನ್ನೆಲ್ಲ ತನ್ನ ಬುಡದಲ್ಲಿಯೇ ತಾಳಿಕೊಳ್ಳಬೇಕು. ಹಗುರವೂ ದೃಢವೂ ಆದ ಕಾರ್ಬನ್ ಫೈಬರ್ ಈ ಗಾತ್ರದಲ್ಲಿ ಕೈಗೆಟಕುವವರೆಗೆ ಆ ಕಲ್ಪನೆ ಕಾಗದದ ಮೇಲೆಯೇ ಉಳಿಯಿತು.

ಡಚ್ ನೌಕಾ ವಿನ್ಯಾಸಕ ಜೆರಾರ್ಡ್ ಡೈಕ್‌ಸ್ಟ್ರಾ ಅವರು ಅದನ್ನು ಕಾರ್ಯರೂಪಕ್ಕೆ ತಂದರು. ಮೂರು ಕಂಬಗಳು, 15 ಹಾಯಿಗಳು, ಸುಮಾರು 2,400 ಚದರ ಮೀಟರ್ ಬಟ್ಟೆ. ಕಂಬದೊಳಗೆ ಸುರುಳಿಯಾಗಿರುವ ಹಾಯಿಗಳನ್ನು ಮೋಟಾರುಗಳು ಹೊರಗೆಳೆಯುತ್ತವೆ; ಆರೇಳು ನಿಮಿಷಗಳಲ್ಲಿ ಎಲ್ಲವನ್ನೂ ಬಿಚ್ಚಬಹುದು. ಒಬ್ಬನೇ ವ್ಯಕ್ತಿ ಇವುಗಳನ್ನು ನಿಯಂತ್ರಿಸಬಲ್ಲ. ಕಂಬಗಳಲ್ಲಿ ಹುದುಗಿಸಿದ ಆಪ್ಟಿಕಲ್ ಫೈಬರ್‌ಗಳು ಅವುಗಳ ಮೇಲೆ ಬೀಳುವ ಒತ್ತಡವನ್ನು ತಿಳಿಸುತ್ತವೆ.

ವಾಣಿಜ್ಯ ದೃಷ್ಟಿಯಿಂದ ಗಮನಿಸಬೇಕಾದುದು, ಪ್ರಯೋಗದ ಹೊರೆಯನ್ನು ಹೊತ್ತವರು ಯಾರು ಎಂಬುದು. ಬಾಡಿಗೆಯ ಲಾಭವನ್ನೇ ನೆಚ್ಚಿದ ಸರಕು ಹಡಗಿನ ಮಾಲೀಕನಿಗೆ ಅದು ದುಸ್ಸಾಧ್ಯ. ಹೊಸತನಕ್ಕೇ ಬೆಲೆ ಕಟ್ಟುವ ಗ್ರಾಹಕನಿಗೆ ಅದು ಸಾಧ್ಯವಾಯಿತು. ಗ್ರಾಹಕರಿಲ್ಲದೆ ಕಾರ್ಖಾನೆಯಲ್ಲಿ ಉಳಿದಿದ್ದ ಉಕ್ಕಿನ ನೌಕಾ ಒಡಲನ್ನೇ ಈ ಯೋಜನೆಗೆ ಬಳಸಿಕೊಂಡದ್ದರಿಂದ ನಿಂತ ದಾಸ್ತಾನಿಗೂ ಮೌಲ್ಯ ದೊರೆಯಿತು.

ಮುಂದಿನ ಬೆಳವಣಿಗೆಯೂ ಬೋಧಪ್ರದ. ಇದೇ ವ್ಯವಸ್ಥೆಯುಳ್ಳ, 106 ಮೀಟರ್ ಉದ್ದದ ‘ಬ್ಲ್ಯಾಕ್ ಪರ್ಲ್’ ನೌಕೆಯನ್ನು 2018ರಲ್ಲಿ ಪೂರ್ಣಗೊಳಿಸಿದ್ದು ನೆದರ್ಲೆಂಡ್ಸ್‌ನ ಓಷನ್ಕೊ ಸಂಸ್ಥೆ. ಪೆರಿನಿ ನಾವಿಯನ್ನು 2021ರ ಜನವರಿಯಲ್ಲಿ ನ್ಯಾಯಾಲಯವು ದಿವಾಳಿಯೆಂದು ಘೋಷಿಸಿತು. ಅದೇ ವರ್ಷಾಂತ್ಯದಲ್ಲಿ ಇಟಾಲಿಯನ್ ಸೀ ಗ್ರೂಪ್ ಅದರ ಆಸ್ತಿಗಳನ್ನು 8 ಕೋಟಿ ಯೂರೋಗಳಿಗೆ ಹರಾಜಿನಲ್ಲಿ ಕೊಂಡಿತು. ಕಾರ್ಖಾನೆಗಳೊಂದಿಗೆ ವ್ಯಾಪಾರ ಚಿಹ್ನೆ ಮತ್ತು ಪೇಟೆಂಟುಗಳೂ ಕೈಬದಲಾದವು. ವಿನ್ಯಾಸದ ಕೀರ್ತಿಗೆ ಬೆಲೆಯುಂಟು. ಆದರೆ ಸಾಲದ ಕಂತಿಗೆ ಕೀರ್ತಿ ಒದಗದು.

ಸಣ್ಣ ತಯಾರಕರೂ ಹೊಸ ಮಾದರಿಗೆ ಕೈಹಾಕುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಹಿಂದೆ ಕೈಬಿಟ್ಟ ಯಾವ ನಕ್ಷೆ ಇಂದಿನ ಸಾಮಗ್ರಿಯಿಂದ ಸಾಧ್ಯವಾಗಿದೆ? ಅದರ ಪ್ರಯೋಗದ ವೆಚ್ಚ ಯಾರದು? ಎರಡನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ದೈನಂದಿನ ದುಡಿಮೆ ಬಂಡವಾಳವನ್ನು ಮುಟ್ಟದಿರುವುದೇ ಕ್ಷೇಮ.