ಐದು ಭಾಷೆ ಬಂದರೂ ಕೆಲಸ ಸಿಗಲಿಲ್ಲ

ಕಳೆದ ತಿಂಗಳು ಇಶಾ ನಮಾಝ್ ಮುಗಿಸಿ ಹೊರಗೆ ಬರುವಾಗ ನಮ್ಮ ಮದ್ರಸದ ಹಳೆಯ ವಿದ್ಯಾರ್ಥಿಯೊಬ್ಬ ಮಸೀದಿಯ ಮೆಟ್ಟಿಲಲ್ಲಿ ಸಪ್ಪಗೆ ಕೂತಿದ್ದ. ಐಟಿಐ ಮುಗಿಸಿ ಎರಡು ವರ್ಷ ಎಸಿ, ಫ್ರಿಡ್ಜ್ ರಿಪೇರಿ ಅಂಗಡಿಯಲ್ಲಿ ದುಡಿದ ಹುಡುಗ. ಅಂದು ಮಂಗಳೂರಿನ ಒಂದು ಸರ್ವಿಸ್ ಸೆಂಟರಿಗೆ ಇಂಟರ್‌ವ್ಯೂಗೆ ಹೋಗಿದ್ದ.

"ಏನಾಯ್ತು?" ಅಂತ ಕೇಳಿದೆವು.

"ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಅಂದ್ರು ಉಸ್ತಾದ್. ಕೇಳಿದ್ದೆಲ್ಲ ಅರ್ಥ ಆಯ್ತು, ಬಾಯಿಗೆ ಬರಲಿಲ್ಲ. ಐದು ನಿಮಿಷದಲ್ಲಿ ಕಳಿಸಿದ್ರು. ಗ್ಯಾಸ್ ಹೇಗೆ ತುಂಬಿಸ್ತಿ ಅಂತ ಒಂದು ಮಾತು ಕೇಳಲಿಲ್ಲ."

ಈ ಹುಡುಗನಿಗೆ ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮದ್ರಸದಲ್ಲಿ ಅರಬಿ ಮಲಯಾಳದ ಪಾಠ ಓದಿದ್ದರಿಂದ ಮಲಯಾಳವೂ ಬರುತ್ತದೆ. ಜೊತೆ ಕೆಲಸದವರಿಂದ ಹಿಂದಿ ಕಲಿತ. ಆ ಸೆಂಟರಿನವರು ರಿಪೇರಿಗೆ ಹೋಗುವುದು ಉಳ್ಳಾಲ, ಕಂಕನಾಡಿ, ಸುರತ್ಕಲ್‌ನ ಮನೆಗಳಿಗೆ. ಅಲ್ಲಿ ಬಾಗಿಲು ತೆರೆಯುವವರು ಯಾವ ಭಾಷೆ ಮಾತಾಡ್ತಾರೆ ಅಂತ ಯಾರಿಗೆ ಗೊತ್ತಿಲ್ಲ?

ಇಂಗ್ಲಿಷ್ ಬೇಡ ಎಂದು ನಾವು ಹೇಳುವುದಿಲ್ಲ. ವಿದೇಶದವರೊಡನೆ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಅದು ಬೇಕೇ ಬೇಕು. ಮೆಷಿನಿನ ಪುಸ್ತಕ ಓದುವಷ್ಟು ರಿಪೇರಿಯವನಿಗೂ ಬೇಕು. ಹಾಗಾದರೆ ಅದನ್ನೇ ಓದಿಸಿ ನೋಡಲಿ.

ಕಾನೂನು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಸಂವಿಧಾನದ 16ನೇ ವಿಧಿ ಸರಕಾರಿ ಉದ್ಯೋಗದಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮುಂತಾದವುಗಳ ಹೆಸರಲ್ಲಿ ತಾರತಮ್ಯ ಕೂಡದು ಎನ್ನುತ್ತದೆ. ಆ ಪಟ್ಟಿಯಲ್ಲಿ ಭಾಷೆ ಇಲ್ಲ. ಖಾಸಗಿಯವರಿಗಂತೂ ಅದು ಅನ್ವಯಿಸುವುದೇ ಇಲ್ಲ. ಆದರೂ ಸರಕಾರ ಸ್ವಲ್ಪ ಬದಲಾಗಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಗಡಿ ಕಾಯುವ ಕೆಲಸಕ್ಕೆ ಕನ್ನಡದಲ್ಲಿ ಪರೀಕ್ಷೆ ನಡೆಯುತ್ತದೆ, ಫ್ರಿಡ್ಜ್ ರಿಪೇರಿಗೆ ನಡೆಯುವುದಿಲ್ಲ!

ಇನ್ನು, ಹೇಳಲು ಸಂಕೋಚವಾಗುವ ಮಾತು. ಆ ಸೆಂಟರಿನ ಮಾಲಕರು ನಮ್ಮವರೇ. ಅವರ ತಂದೆಯ ಕಾಲದಲ್ಲಿ ಗಲ್ಫಿಗೆ ಹೋದ ನಮ್ಮ ಎಷ್ಟೋ ಹಿರಿಯರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಮಾತಾಡುವ ಅರಬಿಯೂ ಬರುತ್ತಿರಲಿಲ್ಲ. (ಕುರ್‌ಆನ್ ಓದಲು ಬಂದರೂ ಅಲ್ಲಿನ ಅಂಗಡಿಯಲ್ಲಿ ಉಪ್ಪು ಕೇಳಲು ಕೈಸನ್ನೆ ಮಾಡಬೇಕಿತ್ತು ಎಂದು ಅವರೇ ನಗುತ್ತಿದ್ದರು.) ಕೆಲಸ ಮಾಡುತ್ತಾ ಮಾಡುತ್ತಾ ಕಲಿತರು. ಆ ದುಡ್ಡಿನಲ್ಲಿ ಊರಲ್ಲಿ ಮನೆ, ಅಂಗಡಿ ಎದ್ದವು. ಈಗ ಅಂಥ ಅಂಗಡಿಯ ಬಾಗಿಲಲ್ಲೇ 'ಇಂಗ್ಲಿಷ್ ಕಡ್ಡಾಯ' ಎಂಬ ಬೋರ್ಡು.

ಯಹೂದಿಯರೊಡನೆ ಪತ್ರ ವ್ಯವಹಾರಕ್ಕೆ ಜನ ಬೇಕಾದಾಗ ಪ್ರವಾದಿ (ಸ.ಅ.)ರು ಝೈದ್ ಬಿನ್ ಸಾಬಿತ್ (ರ.ಅ.)ರಿಗೆ ಆ ಭಾಷೆ ಕಲಿಯಲು ಹೇಳಿದರು. ಅವರು ಅರ್ಧ ತಿಂಗಳೊಳಗೆ ಕಲಿತರೆಂದು ತಿರ್ಮಿದಿಯಲ್ಲಿದೆ. ಬಾರದವರಿಗೆ ಕಲಿಯಲು ಸಮಯ ಕೊಟ್ಟ ಈ ರೀತಿ ನಮ್ಮ ಮಾಲಕರಿಗೆ ಗೊತ್ತಿಲ್ಲದ್ದೇನಲ್ಲ.

ನಮ್ಮ ತಪ್ಪೂ ಇದೆ. ಮಕ್ಕಳನ್ನು ಬಾಯಿಬಿಟ್ಟು ಮಾತಾಡಲು ನಾವು ಉಸ್ತಾದರು ಎಷ್ಟು ಬಿಟ್ಟಿದ್ದೇವೆ? ಈಗ ಮದ್ರಸದ ಕೋಣೆಯಲ್ಲಿ ವಾರಕ್ಕೆ 2 ರಾತ್ರಿ ಇಂಗ್ಲಿಷ್ ಮಾತಾಡುವ ಕ್ಲಾಸ್ ಶುರುವಾಗಿದೆ. ಕಲಿಸುವುದು ಜಮಾಅತಿನ ಒಬ್ಬ ಬಿ.ಕಾಂ. ವಿದ್ಯಾರ್ಥಿ. ಹಿಂದಿನ ಬೆಂಚಿನಲ್ಲಿ ನಾವೂ ಕೂರುತ್ತೇವೆ, ಪಿಯುಸಿಯ ಇಂಗ್ಲಿಷ್ ಎಲ್ಲೋ ಮರೆತುಹೋಗಿದೆ.

ಮೊನ್ನೆ ಜುಮಾ ಬಳಿಕ ಆ ಮಾಲಕರನ್ನು ಕಂಡು, ಹುಡುಗನಿಗೆ ಒಂದು ದಿನ ಕೆಲಸ ಕೊಟ್ಟು ನೋಡಿ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೋಮವಾರ ಕಳಿಸಿ ಉಸ್ತಾದರೇ, ನೋಡುವ" ಅಂದರು.