ಬಿದ್ದ ಬೈಕಿನ ಶಕ್ತಿಯ ಲೆಕ್ಕ

ಹುಲಿಕೆರೆ ಕಡೆ ಸೆಕೆಂಡ್ ಹ್ಯಾಂಡ್ ಬೈಕು ಮಾರಾಟಕ್ಕಿದೆ ಎಂದು ಗೊತ್ತಾಗಿ ನೋಡಲು ಹೋದರೆ ಮೊದಲು ಕಿವಿಗೆ ಬೀಳುವ ಮಾತು, "ಒಂದ್ಸಲ ಬಿದ್ದೈತೆ ಅಷ್ಟೇ ಅಣ್ಣ, ಏನೂ ಆಗಿಲ್ಲ." ಹಳೇಬೀಡು, ಬೇಲೂರು, ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲಿ ಬೈಕು ಷೋಕಿಯ ವಸ್ತುವಲ್ಲ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಹಗಲು ತೆಂಗಿನಕಾಯಿ ಚೀಲ ಇಲ್ಲವೇ ಗೊಬ್ಬರದ ಮೂಟೆ, ಸಂಜೆ ಸಂತೆಗೆ ಮನೆಮಂದಿ. ಇಷ್ಟೆಲ್ಲ ಹೊರಬೇಕಾದ ಗಾಡಿ ಅರ್ಧ ಬೆಲೆಗೆ ಸಿಗುವಾಗ, ಬಿದ್ದದ್ದೆಂಬ ಒಂದೇ ಕಾರಣಕ್ಕೆ ಬಿಟ್ಟುಬರುವುದು ದಡ್ಡತನ. ಹಾಗೆಂದು "ಏನೂ ಆಗಿಲ್ಲ" ಎನ್ನುವುದನ್ನು ಒಪ್ಪಲಾಗದು. ಬಿದ್ದ ಗಾಡಿಗೆ ಏನೋ ಒಂದು ಆಗಿಯೇ ಇರುತ್ತದೆ. ಅದು ಎಲ್ಲಿ ಆಗಿದೆ ಎನ್ನುವುದರ ಮೇಲೆ ಕೊಳ್ಳುವ, ಬಿಡುವ ತೀರ್ಮಾನ ನಿಂತಿದೆ.

ಲೆಕ್ಕ ಸುಲಭದ್ದೇ. ಸುಮಾರು 112 ಕಿಲೋ ತೂಗುವ ಸ್ಪ್ಲೆಂಡರ್‌ನಂಥ ಬೈಕು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ, ಸವಾರನನ್ನು ಬಿಟ್ಟು, ಅದರ ಚಲನಶಕ್ತಿ 15,500 ಜೂಲ್‌ಗಳಷ್ಟು. ವೇಗ 30 ಆದರೆ ಶಕ್ತಿ ಅರ್ಧವಲ್ಲ, ಕಾಲು ಭಾಗ. ಗಾಡಿ ನಿಂತಾಗ ಈ ಶಕ್ತಿಯೆಲ್ಲ ಎಲ್ಲಿಗಾದರೂ ಹೋಗಬೇಕು. ಬೈಕು ಮಗ್ಗುಲಾಗಿ ಟಾರಿನ ಮೇಲೆ ಜಾರಿಕೊಂಡು ಹೋದರೆ, ಘರ್ಷಣೆಯ ಗುಣಾಂಕ ಅರ್ಧ ಎಂದಿಟ್ಟುಕೊಂಡರೂ, ನಿಲ್ಲುವ ಹೊತ್ತಿಗೆ 28 ಮೀಟರ್ ಸಾಗಿರುತ್ತದೆ. ಅಷ್ಟು ದೂರದಲ್ಲಿ ಶಕ್ತಿ ನಿಧಾನವಾಗಿ ಬಿಸಿಯಾಗಿ ಕರಗುತ್ತದೆ. ಲೆಗ್ ಗಾರ್ಡ್, ಹ್ಯಾಂಡಲ್ ತುದಿ, ಫುಟ್‌ರೆಸ್ಟ್, ಸೈಲೆನ್ಸರ್ ಸವೆಯುತ್ತವೆ, ಇಂಡಿಕೇಟರ್ ಪುಡಿಯಾಗುತ್ತದೆ. ನೋಡಲು ಘೋರ, ರಿಪೇರಿ ಅಗ್ಗ.

ಅದೇ ಬೈಕು ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿಗೆ ನೇರ ಗುದ್ದಿತೆನ್ನಿ. ಮುಂದಿನ ಚಕ್ರ ಹಿಂದಕ್ಕೆ ಸರಿದು 30 ಸೆಂ.ಮೀ.ನಲ್ಲಿ ಎಲ್ಲವೂ ನಿಂತರೆ, ಆ ಕ್ಷಣದ ಸರಾಸರಿ ಬಲ ಐದು ಟನ್ ತೂಕಕ್ಕೆ ಸಮ. ಅದನ್ನು ಹೊರಬೇಕಾದವು ರಿಮ್ಮು, ಎರಡು ಫೋರ್ಕ್ ಪೈಪು, ಅವನ್ನು ಹಿಡಿದಿರುವ ಟಿ, ಕೊನೆಗೆ ಟಿ ಕೂರುವ ಚಾಸಿಯ ಮೂತಿ. ಪ್ಲಾಸ್ಟಿಕ್ಕಿಗೆ ಒಂದು ಗೀರೂ ಬೀಳದೆ ಚಾಸಿ ಹಾಳಾಗಿರಬಹುದು.

ಆದ್ದರಿಂದ ನಾನು ನೋಡುವುದು ಎಷ್ಟು ಜಜ್ಜಿದೆ ಎಂಬುದನ್ನಲ್ಲ. ಮಾರುವವರು ಹೇಳುವ ಕಥೆಗೂ ಕಣ್ಣಿಗೆ ಕಾಣುವ ಪೆಟ್ಟಿಗೂ ತಾಳೆಯಾಗುತ್ತದೆಯೇ ಎಂಬುದನ್ನು. ಬಾಗಿದ ಲೆಗ್ ಗಾರ್ಡು, ತರಚಿದ ಸೈಲೆನ್ಸರು, ವಾಲಿದ ಹ್ಯಾಂಡಲು ಹಾಗೇ ಇದ್ದರೆ ಶಕ್ತಿ ಎಲ್ಲಿ ಖರ್ಚಾಯಿತೆಂದು ಓದಿಕೊಳ್ಳಬಹುದು. ಜೋರಾಗಿ ಗುದ್ದಿದ್ದು ಊರಿಗೇ ಗೊತ್ತಿದ್ದು, ಗಾಡಿ ಮಾತ್ರ ಹೊಸ ಪೇಂಟು, ಹೊಸ ಸ್ಟಿಕರಿನಲ್ಲಿ ಶೋರೂಮಿನಿಂದ ಈಗ ಬಂದಂತೆ ನಿಂತಿದ್ದರೆ ಓದಲು ಏನೂ ಉಳಿದಿರುವುದಿಲ್ಲ. ಎರಡರಲ್ಲಿ ಆರಿಸಿಕೊಳ್ಳಿ ಎಂದರೆ ನಾನು ರಿಪೇರಿಯಾಗದ್ದನ್ನೇ ಆರಿಸುತ್ತೇನೆ.

"ಬೆಂಡ್ ತೆಗೆಸಿದೀವಿ, ಈಗ ನೆಟ್ಟಗಿದೆ" ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕಂಬಗಳು ಬಳಪದ ಕಲ್ಲಿನವು. ಮಿತಿ ಮೀರಿದ ಭಾರ ಬಿದ್ದರೆ ಕಲ್ಲು ಬಾಗದೆ ಒಡೆಯುತ್ತದೆ, ಪೆಟ್ಟು ಮುಚ್ಚಿಡಲು ಅದಕ್ಕೆ ಬರುವುದಿಲ್ಲ. ಉಕ್ಕಿಗೆ ಬರುತ್ತದೆ. ಸಾಧಾರಣ ಉಕ್ಕಿನ ಒಂದು ಮೀಟರ್ ಸರಳನ್ನು ಸುಮಾರು ಒಂದೂಕಾಲು ಮಿ.ಮೀ.ವರೆಗೆ ಎಳೆದು ಬಿಟ್ಟರೆ ಮೊದಲಿನ ಉದ್ದಕ್ಕೇ ಮರಳುತ್ತದೆ. ಅದನ್ನು ದಾಟಿದರೆ ಮರಳುವುದಿಲ್ಲ. ಒಳಗಿನ ಹರಳುಗಳಲ್ಲಿ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಿ ಹೊಸ ಜಾಗ ಹಿಡಿದಿರುತ್ತವೆ. ಹೀಗೆ ಜಾರಲು ಹರಳಿನಲ್ಲಿರುವ ಸಣ್ಣ ಕ್ರಮಭಂಗಗಳೇ ದಾರಿ ಎಂದು 1934ರಲ್ಲಿ ಟೇಲರ್, ಓರೊವಾನ್, ಪೋಲಾನಿ ಎಂಬ ಮೂವರು ಬೇರೆಬೇರೆಯಾಗಿಯೇ ಕಂಡುಕೊಂಡರು. ಬಾಗಿದಷ್ಟೂ ಈ ಕ್ರಮಭಂಗಗಳು ಹೆಚ್ಚಿ, ಒಂದಕ್ಕೊಂದು ಸಿಕ್ಕಿಕೊಂಡು, ಆ ಜಾಗ ಗಡಸಾಗುತ್ತದೆ. ಬೈಂಡಿಂಗ್ ತಂತಿಯನ್ನು ಒಂದೇ ಕಡೆ ಬಗ್ಗಿಸಿ ನೆಟ್ಟಗೆ ಮಾಡಲು ಹೋದವರಿಗೆ ಇದು ಗೊತ್ತು. ಮೊದಲಿನ ಬಾಗು ಪೂರ್ತಿ ಹೋಗುವುದೇ ಇಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಬಾಗು ಹುಟ್ಟುತ್ತದೆ, ನಾಲ್ಕು ಸಲ ಹಾಗೆ ಮಾಡಿದರೆ ತುಂಡಾಗುತ್ತದೆ. ಪ್ರೆಸ್ಸಿನಲ್ಲಿ ನೆಟ್ಟಗಾದ ಫೋರ್ಕ್ ಪೈಪು ಕಣ್ಣಿಗೆ ನೇರ ಕಾಣಬಹುದು, ಆದರೆ ತಡೆದುಕೊಳ್ಳುವ ಶಕ್ತಿಯನ್ನು ಅದು ಆಗಲೇ ಒಂದಿಷ್ಟು ಖರ್ಚು ಮಾಡಿಕೊಂಡಿರುತ್ತದೆ. ಮೇಲಿನ ಕ್ರೋಮ್ ಲೇಪ ಬಾಗಿದಲ್ಲಿ ಬಿರಿದಿದ್ದರೆ ಆಯಿಲ್ ಸೀಲೂ ಬೇಗ ಹರಿಯುತ್ತದೆ.

ಇದಕ್ಕಿಂತ ಮೋಸದ್ದು ಲೋಹದ ದಣಿವು. 1842ರ ಮೇ 8ರಂದು ಫ್ರಾನ್ಸಿನ ವರ್ಸೈ ರೈಲಿನ ಎಂಜಿನ್ನಿನ ಅಚ್ಚು ಮುರಿದು ದೊಡ್ಡ ದುರಂತವಾಯಿತು. ದಿನವೂ ಚೆನ್ನಾಗಿಯೇ ಓಡುತ್ತಿದ್ದ ಅಚ್ಚು ಒಂದು ದಿನ ಮುರಿಯುವುದು ಹೇಗೆ? ಮುಂದೆ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ಪರೀಕ್ಷಿಸಿ ತೋರಿಸಿದ ಉತ್ತರ ಇದು: ಒಂದೇ ಸಲಕ್ಕೆ ಮುರಿಯಲಾರದಷ್ಟು ಚಿಕ್ಕ ಭಾರವೂ ಲಕ್ಷಾಂತರ ಸಲ ಬಂದುಹೋದರೆ ಬಿರುಕು ಬೆಳೆಸುತ್ತದೆ. ಬೈಕಿನಲ್ಲಿ ಇಂಥ ಬಿರುಕು ಹುಟ್ಟಲು ಕಾದಿರುವ ಜಾಗ ವೆಲ್ಡಿಂಗಿನ ಅಂಚು, ಅದರಲ್ಲೂ ಚಾಸಿಯ ಮೂತಿ ಮತ್ತು ಕೆಳಪೈಪು ಕೂಡುವಲ್ಲಿ. ಗುದ್ದಿದ ದಿನ ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿದ್ದರೆ, ನಮ್ಮ ರಸ್ತೆಯ ಪ್ರತಿ ಹಂಪೂ ಅದನ್ನು ಒಂದಿಷ್ಟು ಹಿಗ್ಗಿಸುತ್ತದೆ. ಹಿಂದೆ ಎರಡು ತುಂಬಿದ ಹಾಲಿನ ಕ್ಯಾನು ಕಟ್ಟಿದ್ದರೆ ಇನ್ನೂ ಬೇಗ.

ಹಾಗಾಗಿ ಗಾಡಿ ನೋಡಲು ಹೋದಾಗ ಎಂಜಿನ್ ಸದ್ದು ಕೇಳುವುದಕ್ಕಿಂತ ಮೊದಲು ಸೀಟು, ಟ್ಯಾಂಕು ಬಿಚ್ಚಿಸಬೇಕು. ನಾಲ್ಕೈದು ಬೋಲ್ಟಿನ ಕೆಲಸ. ಟ್ಯಾಂಕಿನ ಕೆಳಗಿನ ಚಾಸಿಗೆ ಯಾರೂ ಷೋಕಿಗೆ ಪೇಂಟ್ ಹೊಡೆಯುವುದಿಲ್ಲ. ಅಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಕಾರಣ ಕೇಳಬೇಕು. ಮೂತಿಯ ಹಿಂದೆ ಪೇಂಟು ಅಡ್ಡ ಅಡ್ಡ ಸುಕ್ಕುಗಟ್ಟಿ ಎದ್ದಿದ್ದರೆ ಅಡಿಯ ಲೋಹ ಅಲ್ಲಿ ಮಡಚಿಕೊಂಡಿದೆ ಎಂದು ಅರ್ಥ. ವೆಲ್ಡಿಂಗಿನ ಗುಂಟ ತೆಳ್ಳನೆ ತುಕ್ಕಿನ ಗೆರೆ ಓಡಿದ್ದರೆ ಅದು ಬಿರುಕಿಗೆ ನೀರಿಳಿದ ಗುರುತಿರಬಹುದು. ಅನುಮಾನ ಬಂದ ಕಡೆ ಹಳೆಯ ರೈಲ್ವೆ ಕಾರ್ಖಾನೆಗಳ ಒಂದು ಪರೀಕ್ಷೆ ಇವತ್ತಿಗೂ ನಡೆಯುತ್ತದೆ. ಟ್ಯಾಂಕನ್ನು ದೂರ ಇಟ್ಟು, ಪೇಂಟನ್ನು ಉಜ್ಜಿ ಲೋಹ ಕಾಣಿಸಿ, ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡುವುದು. ಸೀಮೆಎಣ್ಣೆ ಈಗ ಅಪರೂಪ, ಡೀಸೆಲ್ಲೂ ಆದೀತು. ಆಮೇಲೆ ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರುವುದು. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಪುಡಿಗೆ ಹೀರಿಕೊಂಡು ಬಂದು, ಬಿಳಿಯ ಮೇಲೆ ಒಂದು ಕಂದು ಗೆರೆ ನಿಧಾನವಾಗಿ ಮೂಡುತ್ತದೆ. ಪ್ರಯೋಗಾಲಯಗಳಲ್ಲಿ ಕೆಂಪು ಬಣ್ಣದ ದ್ರವ ಹಾಕಿ ಮಾಡುವ ಪರೀಕ್ಷೆಯ ಮೂಲಪುರುಷ ಇದೇ.

ಗಾಡಿ ನೇರವಾಗಿದೆಯೇ ಎಂದು ತಿಳಿಯಲು ನೀರು ಸಾಕು. ಒಣಗಿದ ರಸ್ತೆಯಲ್ಲಿ ಒಂದು ಕೊಡ ನೀರು ಚೆಲ್ಲಿ, ಅದನ್ನು ದಾಟಿಕೊಂಡು ಸೈಕಲ್ ವೇಗದಲ್ಲಿ ನೇರ ಹೋಗಲು ಹೇಳಿ, ಹಿಂದೆ ನಿಂತು ಎರಡು ಚಕ್ರಗಳ ಒದ್ದೆ ಗುರುತು ನೋಡಿ. ಮುಂದಿನ ಚಕ್ರದ ಗುರುತು ಹಿಂದಿನದರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಯುವುದು ಸಹಜ. ಉದ್ದಕ್ಕೂ ಒಂದೇ ಮಗ್ಗುಲಿಗಿದ್ದರೆ ಏನೋ ಸರಿದಿದೆ. ಕೂಡಲೇ ಚಾಸಿಯನ್ನು ದೂರಬೇಡಿ: ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರವನ್ನು ಸೊಟ್ಟಗೆ ಕೂರಿಸಿದ್ದರೂ ಹೀಗಾಗುತ್ತದೆ, ಎರಡೂ ಕಡೆಯ ಅಡ್ಜಸ್ಟರ್ ಗುರುತುಗಳನ್ನು ಮೊದಲು ಸಮ ಮಾಡಿಸಿ. ಹ್ಯಾಂಡಲ್ ಸೊಟ್ಟಗಿರುವುದಕ್ಕೂ ಎರಡು ಕಾರಣ ಉಂಟು. ಫೋರ್ಕ್ ಪೈಪುಗಳು ಟಿಯ ಹಿಡಿತದಲ್ಲಿ ತಿರುಚಿಕೊಂಡಿದ್ದರೆ ಬೋಲ್ಟ್ ಸಡಿಲಿಸಿ ಸರಿಪಡಿಸಬಹುದು, ಖರ್ಚು ಒಂದು ಕಾಫಿಯದ್ದು. ಪೈಪೇ ಬಾಗಿದ್ದರೆ ಲೇತಿನವರ ಹತ್ತಿರ ಹೋಗಬೇಕು. ಅಚ್ಚಿನ ಸುತ್ತ ತಿರುಗಿಸಿ ಡಯಲ್ ಗೇಜ್ ಇಟ್ಟರೆ ಮುಳ್ಳು ನಿಜ ಹೇಳುತ್ತದೆ. ಹಲವು ಬೈಕುಗಳ ಸರ್ವಿಸ್ ಪುಸ್ತಕಗಳು ಒಪ್ಪುವ ಓಲಾಟ ಬರೀ 0.2 ಮಿ.ಮೀ. ಅದನ್ನು ದಾಟಿದ ಪೈಪನ್ನು ನೆಟ್ಟಗೆ ಮಾಡಿಸದೆ ಬದಲಿಸುವುದೇ ಸರಿ. ಕಡ್ಡಿ ಚಕ್ರದ ಓಲಾಟವನ್ನು ಕಡ್ಡಿ ಬಿಗಿದು ಸ್ವಲ್ಪಮಟ್ಟಿಗೆ ತೆಗೆಯಬಹುದು. ಅಲಾಯ್ ಚಕ್ರಕ್ಕೆ ಆ ಸೌಕರ್ಯವಿಲ್ಲ, ಬಿಸಿ ಮಾಡಿ ತಟ್ಟಿದ ಅಲಾಯ್ ನನಗಂತೂ ಬೇಡ.

ಚಾಸಿಯ ಮೂತಿ ಒಂದು ಡಿಗ್ರಿ ಹಿಂದಕ್ಕೆ ಸರಿದರೆ ಏನು ಮಹಾ ಎನ್ನಬಹುದು. ಹ್ಯಾಂಡಲ್ ತಿರುಗುವ ಅಚ್ಚನ್ನು ನೆಲದವರೆಗೆ ಗೆರೆ ಎಳೆದಂತೆ ಕಲ್ಪಿಸಿಕೊಂಡರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಕೆಲವು ಸೆಂ.ಮೀ. ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಬೈಕು ನೇರ ಓಡಲು, ತಿರುಗಿದ ಹ್ಯಾಂಡಲು ತಾನೇ ಮರಳಿ ಬರಲು ಇದು ಮುಖ್ಯ ಕಾರಣ. 18 ಇಂಚಿನ ಚಕ್ರದ ಗಾಡಿಯಲ್ಲಿ ಆ ಒಂದು ಡಿಗ್ರಿಗೆ ಟ್ರೇಲ್ 6 ಮಿ.ಮೀ.ಯಷ್ಟು ಕಮ್ಮಿಯಾಗುತ್ತದೆ. ಊರೊಳಗೆ ಅದು ಗೊತ್ತಾಗದೆ ಹೋಗಬಹುದು. ಹಿಂದೆ ಮೂಟೆ ಇಟ್ಟುಕೊಂಡು ಇಳಿಜಾರಿನಲ್ಲಿ 60 ದಾಟಿದಾಗ ಮುಂಭಾಗ ಹಗುರಾಗಿ ಹ್ಯಾಂಡಲು ಅದುರತೊಡಗಿದರೆ ಗೊತ್ತಾಗುತ್ತದೆ.

ಕಾಗದಪತ್ರದ ಮಾತು ಚಿಕ್ಕದು. ಬಹಳಷ್ಟು ಬೈಕುಗಳಲ್ಲಿ ಚಾಸಿ ನಂಬರ್ ಒತ್ತಿರುವುದು ಈ ಮೂತಿಯ ಮೇಲೆಯೇ. ಕೆಎ-13 ಇರಲಿ ಕೆಎ-46 ಇರಲಿ, ಆರ್‌ಸಿಯಲ್ಲಿರುವ ನಂಬರಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ, ಉಜ್ಜಿ ಮತ್ತೆ ಒತ್ತಿದಂತಿದ್ದರೆ ಗಾಡಿ ಎಷ್ಟೇ ಅಗ್ಗವಿರಲಿ ಬೇಡ. ವಿಮೆಯವರು ಟೋಟಲ್ ಲಾಸ್ ಎಂದು ಬರೆದ ಗಾಡಿಯೆಲ್ಲ ಗುಜರಿಗೆ ಲಾಯಕ್ಕು ಎಂದೂ ತಿಳಿಯಬೇಕಿಲ್ಲ. ರಿಪೇರಿ ಖರ್ಚು ವಿಮಾ ಮೌಲ್ಯದ ಶೇ. 75ನ್ನು ಮೀರಿದರೆ ಹಾಗೆ ಬರೆಯುತ್ತಾರೆ. ಐದನೇ ವರ್ಷದಲ್ಲಿ ವಿಮಾ ಮೌಲ್ಯ ಹೊಸ ಬೆಲೆಯ ಅರ್ಧಕ್ಕೆ ಇಳಿದಿರುತ್ತದೆ. 80,000 ರೂಪಾಯಿಯ ಗಾಡಿಗೆ ಆಗ 30,000 ರೂಪಾಯಿ ಬಿಲ್ಲು ಮೀರಿದರೂ ಟೋಟಲ್ ಲಾಸೇ, ಹೊಸ ಬಿಡಿಭಾಗ ಮತ್ತು ಪೇಂಟಿನ ಬೆಲೆಯಲ್ಲೇ ಅಲ್ಲಿಗೆ ಮುಟ್ಟಬಹುದು. ಆರ್‌ಸಿ ಹೆಸರು ಬದಲಾವಣೆಗೆ ಮೋಟಾರು ವಾಹನ ಕಾಯ್ದೆ ಕೊಳ್ಳುವವರಿಗೆ 30 ದಿನ ಕೊಡುತ್ತದೆ. ಫಾರಂ 29, 30ಕ್ಕೆ ಮಾರುವವರ ಸಹಿ ಹಣ ಕೊಡುವಾಗಲೇ ಆಗಲಿ.

ಕೊನೆಗೆ ಉಳಿಯುವುದು ಬೆಲೆ. ಚಾಸಿ, ಮೂತಿ ನೇರವಿದ್ದರೆ ಉಳಿದದ್ದೆಲ್ಲ ಕೂಡಿ ಕಳೆಯುವ ಲೆಕ್ಕ: ಎರಡೂ ಫೋರ್ಕ್ ಪೈಪು, ಕೋನ್ ಸೆಟ್ಟು, ರಿಮ್ಮು, ಹೆಡ್‌ಲೈಟು, ಕೂಲಿ ಎಲ್ಲವನ್ನೂ ಬರೆದು, ಬೀಳದ ಅದೇ ವರ್ಷದ ಗಾಡಿಯ ಬೆಲೆಯಲ್ಲಿ ಕಳೆದು, ಕಾಣದ ಖರ್ಚಿಗೆಂದು ಇನ್ನಷ್ಟು ಕಳೆದು ಕೇಳಬೇಕು. ಮೂತಿ ಬಾಗಿದ್ದರೆ ಎಂಜಿನ್ನಿಗೂ ಚಕ್ರಕ್ಕೂ ಮಾತ್ರ ಬೆಲೆ, ಓಡಿಸುವ ಗಾಡಿಯ ಬೆಲೆ ಅಲ್ಲ. ಟ್ಯಾಂಕ್ ಬಿಚ್ಚಿ ನೋಡಲು ಮಾರುವವರು ಒಪ್ಪದಿದ್ದರೆ, ಅವರು ಕೊಟ್ಟ ಕಾಫಿ ಕುಡಿದು, ಬಂದ ಬಸ್ಸಿನಲ್ಲೇ ಊರಿಗೆ ವಾಪಸ್ಸು.