ಕಪಿಲೆಯ ದಂಡೆಯಿಂದ ತಲಕಾಡಿಗೆ

ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿದ ಕಪಿಲೆಯು ಸುತ್ತೂರಿನ ಮಠದ ಬಳಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಂಜನಗೂಡಿನಲ್ಲಿ 1735ರಲ್ಲಿ ಕಟ್ಟಿದ ಸೇತುವೆಯು ಮುಂದೆ ರೈಲಿನ ಭಾರವನ್ನೂ ಹೊತ್ತಿತು. ಆದರೆ ನಮ್ಮ ಕುತೂಹಲವನ್ನು ಹೆಚ್ಚು ಕೆರಳಿಸುವುದು ಸಂಗಮದಿಂದಾಚೆಗಿನ ತಲಕಾಡು. ಗಂಗರ ಈ ರಾಜಧಾನಿಯು ಮರಳಿನಲ್ಲಿ ಹೂತುಹೋದುದೇಕೆ?

ಶಾಪವೆನ್ನುತ್ತದೆ ಐತಿಹ್ಯ. ನಾವು ನದಿಯ ತಿರುವನ್ನು ನೋಡೋಣ. ಬಾಗುವೆಡೆಯಲ್ಲಿ ನೀರಿನ ವೇಗವು ಕುಗ್ಗಿ ಮರಳು ತಂಗುತ್ತದೆ. ಬೇಸಗೆಯಲ್ಲಿ ಒಣಗಿದ ಅದನ್ನು ಗಾಳಿಯು ಊರಿನತ್ತ ಹೊರುತ್ತದೆ. ಮೇಲ್ಭಾಗದ ಮಾಧವಮಂತ್ರಿ ಅಣೆಕಟ್ಟು ನೀರನ್ನು ತಡೆದು ಮರಳನ್ನು ಬಯಲಿಗಿಟ್ಟಿತೆಂಬ ವಾದವೂ ಉಂಟು. ಅದು ನಮಗೆ ಒಪ್ಪತಕ್ಕದ್ದೆನಿಸುತ್ತದೆ. ಹೊಲಗಳಿಗೆ ನೀರು ಬಂದಿತು, ಊರಿಗೆ ಮರಳು! ವಿಷ್ಣುವರ್ಧನನ ಕೀರ್ತಿನಾರಾಯಣ ದೇವಾಲಯವನ್ನು ಮರಳು ತೆಗೆದೇ ಬಿಡಿಸಬೇಕಾಯಿತು. ಪಾತಾಳೇಶ್ವರನ ದರ್ಶನಕ್ಕೆ ಇಂದಿಗೂ ಮೆಟ್ಟಿಲುಗಳನ್ನಿಳಿಯಬೇಕು.